ಉಪ್ಪಿನ ಡಬ್ಬಿಯ ಮೇಲಿನ ಸಿಟ್ಟು

ಮುಖ ನೋಡಿ ಮಣೆ ಹಾಕುವುದು ಅನ್ನುತ್ತಾರಲ್ಲ, ಕತ್ತರಿ ಅಕ್ಕನಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಮಾಲೀಕ ಬಂದರೂ ಒಂದೇ ಮಣೆ, ಮೂಟೆ ಹೊರುವವನು ಬಂದರೂ ಅದೇ ಮಣೆ. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುತ್ತಿದ್ದಳು. ಕತ್ತರಿಯಷ್ಟೇ ಹರಿತ ಬಾಯಿ, ಅದಕ್ಕೇ ಆ ಹೆಸರು. ಎದುರಿಗಿದ್ದವರ ಮುಖ ಕೆಂಪಾದರೂ ಮಾತು ನಿಲ್ಲಿಸುತ್ತಿರಲಿಲ್ಲ. ಅದು ಕೆಂಪಾದದ್ದು ಸೆಕೆಗೋ ಸಿಟ್ಟಿಗೋ ಅವಳಿಗೆ ಹೊಳೆಯುತ್ತಿರಲಿಲ್ಲ.

ಇದಕ್ಕೆ ಆಟಿಸಂ ಅಂತ ಹೆಸರಿದೆಯೆಂದು ತಿಳಿದದ್ದು ನಲವತ್ತು ದಾಟಿದ ಮೇಲೆ. ವೈದ್ಯರು ಅವಳನ್ನು ಒಂದು ತರಬೇತಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಒಂದು ಗೊಂಬೆಯ ಮುಖ. ಗುಂಡಿ ಒತ್ತಿದರೆ ನಿಧಾನಕ್ಕೆ ಹುಬ್ಬು ಏರಿಸುತ್ತಿತ್ತು, ತುಟಿ ಇಳಿಸುತ್ತಿತ್ತು. ಒಂದೇ ದುಃಖವನ್ನು ಹತ್ತು ಸಲ ಮಾಡಿ ತೋರಿಸು ಅಂದರೂ ಬೇಸರಪಡುತ್ತಿರಲಿಲ್ಲ. ಎಷ್ಟು ಹೊತ್ತು ದಿಟ್ಟಿಸಿದರೂ ‘ಏನು ಹಾಗೆ ನೋಡ್ತೀಯ’ ಅನ್ನುತ್ತಿರಲಿಲ್ಲ. ಅವಳಿಗೆ ಹಿಡಿಸಿತು. ಹುಬ್ಬು ಕೆಳಗೆ, ನಡುವೆ ಗಂಟು, ಕಣ್ಣು ಕಿರಿದು ಇದ್ದರೆ ಸಿಟ್ಟು ಎಂದು, ಕಾಲರಿನ ಅಳತೆ ಕಲಿತ ಹಾಗೆಯೇ ಕಲಿತಳು.

ಕಲಿತ ಮೇಲೆ ನೆಮ್ಮದಿ ಹೋಯಿತು. ಒಂದು ಸಂಜೆ ಊಟಕ್ಕೆ ಕೂತಾಗ ಗಂಡನ ಮುಖ ನೋಡಿದಳು. ಹುಬ್ಬು ಗಂಟಿಕ್ಕಿತ್ತು, ಕಣ್ಣು ಕಿರಿದಾಗಿತ್ತು.

ಗಂಡ ಬಸ್ ಡ್ರೈವರ್. ಮದುವೆಯಾದಾಗಿನಿಂದ ಅವಳ ಒರಟು ಮಾತನ್ನೆಲ್ಲ ನಗುತ್ತಲೇ ನುಂಗಿಕೊಂಡವನು. ಮರುದಿನವೂ ಅದೇ ಮುಖ, ಅದರ ಮರುದಿನವೂ. ಹಾಗಾದರೆ ಇಷ್ಟು ವರ್ಷವೂ ಒಳಗೊಳಗೇ ಕುದಿಯುತ್ತಿದ್ದನೇ? ಅವಳು ಮಾತು ಬಿಟ್ಟಳು.

“ಯಾಕೆ, ಬಾಯಿಗೆ ಬೀಗ ಹಾಕ್ಕೊಂಡಿದೀಯ?” ಎಂದು ಅವನೇ ಕೇಳಿದ.

“ರೀ, ನಿಮಗೆ ನನ್ನ ಮೇಲೆ ಸಿಟ್ಟಾ?”

“ಇಲ್ವಲ್ಲೇ.” ಹುಬ್ಬು ಮೇಲೇರಿತು, ಕಣ್ಣು ಅರಳಿತು. ಇದು ಆಶ್ಚರ್ಯ, ಸುಳ್ಳಲ್ಲ. ಅವಳ ಎದೆ ಹಗುರಾಯಿತು.

ಆದರೆ ಅವನು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಲು ಎದ್ದು ಗೂಡಿನ ಮುಂದೆ ನಿಂತಾಗ ಮತ್ತೆ ಅದೇ ಗಂಟು. ಒಂದು ಡಬ್ಬಿ ತೆಗೆದ, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡ, ಉಪ್ಪೆಂದು ತಿಳಿದು ವಾಪಸ್ ಇಟ್ಟ. ಉಪ್ಪಿನ ಡಬ್ಬಿಯ ಮೇಲೆ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರೆಯೇ?

“ರೀ, ನಿಮಗೆ ಕಣ್ಣು ಕಾಣ್ತಿಲ್ಲ,” ಅಂದಳು.

ಅವನು ತಿರುಗಿದ. ಹುಬ್ಬುಗಳು ಮೇಲೇರಿ ಒಂದಕ್ಕೊಂದು ಹತ್ತಿರ ಬಂದವು, ಬಾಯಿ ಸ್ವಲ್ಪ ತೆರೆಯಿತು. ಕಂಪ್ಯೂಟರ್ ಪರದೆಯ ಹೊರಗೆ ಭಯವನ್ನು ಅವಳು ಗುರುತಿಸಿದ್ದು ಅದೇ ಮೊದಲು.

“ಸ್ವಲ್ಪ ಮಸುಕು, ಅಷ್ಟೇ. ದಾರಿ ನನಗೆ ಬಾಯಿಪಾಠ.”

“ದಾರಿ ಬಾಯಿಪಾಠ, ಸರಿ. ಅಡ್ಡ ಬರೋರು?”

“ಬಾಯಿ ಬಿಟ್ರೆ ಸ್ಟೀರಿಂಗ್ ಕಿತ್ಕೋತಾರೆ. ಯಾರ ಹತ್ರಾನೂ ಹೇಳಬೇಡ. ಆಸ್ಪತ್ರೆಗೆ ನಾನೇ ಹೋಗ್ತೀನಿ.”

“ಯಾವಾಗ?”

ಅವನು ಚಹಾದ ಲೋಟ ಹಿಡಿದು ಹೊರಗೆ ಹೋದ.

ಬೆಳಿಗ್ಗೆ ಅವಳು ಕಾರ್ಖಾನೆಗೆ ಹೋಗಲಿಲ್ಲ. ಅವನ ಬಸ್ಸನ್ನೇ ಹತ್ತಿ, ಮುಂದಿನ ಸೀಟಿನಲ್ಲಿ ಕೂತಳು. ಡ್ರೈವರ್ ತಲೆಯ ಮೇಲಿನ ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಕನ್ನಡಿಯನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡುತ್ತ ಜೀವ ಕೈಯಲ್ಲಿ ಹಿಡಿದು ಕೂತಳು. ಸಿಗ್ನಲ್ ಬಂದರೆ ಹುಬ್ಬು ಗಂಟಾಗುತ್ತಿತ್ತು, ಕಾರು ಅಡ್ಡ ಬಂದರೂ ಗಂಟು. ಗಂಟು ಬಂದಾಗಲೆಲ್ಲ ಅವಳಿಗೆ ಸಮಾಧಾನ. ಅವನು ನೋಡುತ್ತಿದ್ದಾನೆ ಎಂದಾಯಿತಲ್ಲ.

ಸೇತುವೆ ಇಳಿದ ಮೇಲೆ, ಬೂದು ಬಣ್ಣದ ಅಂಗಿ ತೊಟ್ಟ ಮುದುಕನೊಬ್ಬ ತಳ್ಳುಗಾಡಿ ನೂಕುತ್ತ ರಸ್ತೆಗೆ ಇಳಿದ. ಅವಳು ಕನ್ನಡಿ ನೋಡಿದಳು. ಗಂಟಿಲ್ಲ. ಭಯವಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನಯವಾದ ಮುಖ.

“ರೀ, ಬ್ರೇಕ್!”

ಅವಳ ಕೂಗಿಗೇ ಅವನ ಕಾಲು ಬ್ರೇಕನ್ನು ತುಳಿಯಿತು. ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ತಳ್ಳುಗಾಡಿಗೂ ಬಸ್ಸಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಮುದುಕ ಗಾಡಿಯ ಹಿಡಿ ಬಿಡದೆ ಹಾಗೇ ನಿಂತಿದ್ದ.

ಜನ ಬೈಯತೊಡಗಿದರು. ಕಂಡಕ್ಟರ್ ಓಡಿ ಬಂದ. ಕತ್ತರಿ ಅಕ್ಕ ಎದ್ದು ನಿಂತು, “ಇವರಿಗೆ ಕಣ್ಣು ಸರಿಯಾಗಿ ಕಾಣಲ್ಲ. ಈ ಬಸ್ಸು ಮುಂದಕ್ಕೆ ಹೋಗಬಾರದು, ಎಲ್ಲರೂ ಇಳೀರಿ,” ಅಂದಳು. ಬೇರೆ ಯಾರಾಗಿದ್ದರೂ ಕಂಡಕ್ಟರನ ಕಿವಿಯಲ್ಲಿ ಹೇಳುತ್ತಿದ್ದರು. ಅವಳಿಗೆ ಅದು ತೋಚಲೇ ಇಲ್ಲ.

ಅವನು ತಿರುಗಿ ಅವಳನ್ನು ನೋಡಿದ. ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಈ ಸಲ ಅದು ಸಿಟ್ಟೇ. ಅವಳು ನೋಟ ತಪ್ಪಿಸಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ನರವೂ ಸೊರಗಿತ್ತು. ಪೊರೆ ತೆಗೆದರು. ನರಕ್ಕೆ ಏನೂ ಮಾಡುವ ಹಾಗಿರಲಿಲ್ಲ, ಇನ್ನು ಬಸ್ ಓಡಿಸಬಾರದು ಅಂದರು. ಡಿಪೋದ ಬಿಡಿಭಾಗಗಳ ಕೋಣೆಯಲ್ಲಿ ಕೆಲಸ ಕೊಟ್ಟರು. ಆಸ್ಪತ್ರೆಗೆ ಅವಳ ಕೈ ಹಿಡಿದೇ ಹೋಗಿ ಬರುತ್ತಿದ್ದ, ಆದರೆ ಅವಳೊಡನೆ ಒಂದು ಮಾತೂ ಆಡುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಮಾನ ಹೋಯಿತೆಂಬುದು ಅವನ ನೋವು. ಮುದುಕನ ಜೀವ ಉಳಿಯಿತೆಂಬುದು ಅವಳ ಲೆಕ್ಕ. ಎರಡೂ ಒಂದೇ ಮನೆಯಲ್ಲಿ ಮಾತಿಲ್ಲದೆ ಓಡಾಡಿಕೊಂಡಿದ್ದವು.

ಎರಡನೇ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳನ್ನೇ ತುಂಬ ಹೊತ್ತು ನೋಡಿದ. ಹುಬ್ಬು ಸಡಿಲವಾಗಿತ್ತು. ಕಣ್ಣು ಒದ್ದೆ. ತುಟಿಯ ಒಂದು ತುದಿ ಮಾತ್ರ ಬಿಗಿ. ಗೊಂಬೆಯಿಂದ ಕಲಿತ ಮುಖಗಳಲ್ಲೆಲ್ಲ ಅವಳು ಹುಡುಕಿದಳು, ಯಾವುದಕ್ಕೂ ಹೊಂದಲಿಲ್ಲ.

“ಇದು ಯಾವುದು, ರೀ?”

“ನನಗೂ ಗೊತ್ತಿಲ್ಲ ಕಣೇ,” ಅಂದ. “ಸಿಟ್ಟು ಇನ್ನೂ ಸ್ವಲ್ಪ ಇದೆ. ಊಟಕ್ಕೆ ಬಡಿಸು.”