ದೊಡ್ಡಮ್ಮ ಬಾಯಿ ಮುಚ್ಚಿಕೊಂಡು ನೋಡಿದ ಪಿಚ್ಚರ್

ನಮ್ಮ ದೊಡ್ಡಮ್ಮ ಗಂಗಲಕ್ಷ್ಮಮ್ಮನನ್ನು ಯಾರಾದರೂ ಬಾಯಿಬಡುಕಿ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂದವರು ಒಂದು ದಿನ ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಯಲ್ಲಿ ಕೂತು ನೋಡಬೇಕಿತ್ತು. ಪವರ್‌ಲೂಮು ಓಡುವಾಗ ಪಕ್ಕದಲ್ಲಿದ್ದವರನ್ನು ಒಂದು ಲೋಟ ನೀರು ಕೇಳಬೇಕಾದರೂ ಗಂಟಲು ಹರಿಯುವ ಹಾಗೆ ಕೂಗಬೇಕು. ದೊಡ್ಡಮ್ಮ ಮದುವೆಯಾಗಿ ಬಂದಾಗಿನಿಂದ ಆ ಸದ್ದಿನ ನಡುವೆ ಕೂತು ನೂಲು ಸುತ್ತಿದವಳು. ಅವಳು ಕಿವಿಯಲ್ಲಿ ಗುಟ್ಟು ಹೇಳಿದರೆ ಬೀದಿಯ ಕೊನೆಮನೆಯವರು "ಹೌದಾ ಗಂಗಕ್ಕಾ?" ಅನ್ನುತ್ತಿದ್ದರು. ಅದು ಅವಳ ತಪ್ಪೇ? ದೊಡ್ಡಪ್ಪ ಮಾತ್ರ ಮಾತೇ ಆಡದ ಮನುಷ್ಯ. ಪಾಪ, ಆಡಲು ಸಂದು ಸಿಕ್ಕಿದ್ದರೆ ತಾನೇ ಎನ್ನುವುದು ನನ್ನ ಅಮ್ಮನ ಅಭಿಪ್ರಾಯ.

ಈ ಗಂಟಲಿನ ಜೊತೆಗೆ ದೊಡ್ಡಮ್ಮನಿಗೆ ಪಿಚ್ಚರ್ ಹುಚ್ಚು. ಎಪ್ಪತ್ತನೇ ಇಸವಿಯ ಆಚೀಚಿನ ಮಾತು ಇದು. ಊರಾಚೆ ಟೆಂಟು ಹಾಕಿದ್ದರು. ಸಂಜೆ ಟೆಂಟಿನ ಮೈಕಿನಲ್ಲಿ ದೇವರ ಹಾಡು ಶುರುವಾಯಿತೆಂದರೆ ದೊಡ್ಡಮ್ಮ ಕೈಯಲ್ಲಿದ್ದ ನೂಲನ್ನು ಅಲ್ಲೇ ಬಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕನ್ನಡವೋ ತೆಲುಗೋ ತಮಿಳೋ, ಅವಳಿಗೆ ಎಲ್ಲವೂ ಒಂದೇ. ಹಿಂದಿ ಒಂದಕ್ಷರ ಬಾರದಿದ್ದರೂ ಹಿಂದಿ ಪಿಚ್ಚರಿನ ಮೇಲೂ ಅವಳಿಗೆ ಅಭಿಪ್ರಾಯವಿತ್ತು: "ಅವ್ರು ಏನ್ ಮಾತಾಡಿದ್ರೇನು ಬಿಡು, ಆ ಮುಖ ನೋಡಿದ್ರೆ ಗೊತ್ತಾಗಲ್ವಾ ಮೋಸ ಮಾಡ್ತಾನೆ ಅಂತ!"

ಆ ಟೆಂಟಿನಲ್ಲಿ ಇದ್ದದ್ದು ಒಂದೇ ಮೆಷಿನ್ನು. ಒಂದು ರೀಲು ಮುಗಿದರೆ ಲೈಟು ಹತ್ತುತ್ತಿತ್ತು, ಇನ್ನೊಂದು ರೀಲು ಹಾಕಿದ ಮೇಲೆ ಆರುತ್ತಿತ್ತು. ಆ ಬಿಡುವು ದೊಡ್ಡಮ್ಮನದು. ಅಲ್ಲಿಯವರೆಗಿನ ಕತೆಗೆ ಅವಳು ಕೂತಲ್ಲಿಂದಲೇ ತೀರ್ಪು ಕೊಡುತ್ತಿದ್ದಳು. ದೇವರ ಪಿಚ್ಚರಿನಲ್ಲಿ ದೇವರು ಪ್ರತ್ಯಕ್ಷನಾದರೆ, "ಬಂದ್ಯಾ? ಆ ಹೆಂಗ್ಸು ಸತ್ತು ಸುಣ್ಣ ಆಗೋವರ್ಗೂ ಎಲ್ಲಿದ್ದೆಯಪ್ಪಾ?" ಕ್ಷಯ ಹಿಡಿದ ನಾಯಕಿ ಹಾಸಿಗೆಯಲ್ಲೇ ಹಾಡಿದರೆ, "ಕೆಮ್ಮೋಳಿಗೆ ಇಷ್ಟುದ್ದದ ಹಾಡಾ!" ಪತ್ತೇದಾರಿ ಪಿಚ್ಚರನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು: "ರಾತ್ರಿ ಅಗುಳಿ ಹಾಕ್ಕೊಂಡು ಮಲಗಿದ್ರೆ ಈ ಕತೇನೇ ಇರ್ತಿರ್ಲಿಲ್ಲ." ಗಂಡಸರ ಕಡೆಯಿಂದಲೂ ನಗು ಏಳುತ್ತಿತ್ತು. ಬೆಳಿಗ್ಗೆ ಬೀದಿಯ ನಲ್ಲಿಯ ಹತ್ತಿರ ಪಕ್ಕದ ಮನೆಯ ಮುನಿರತ್ನಮ್ಮ ಬಿಂದಿಗೆ ಇಟ್ಟುಕೊಂಡು, "ಗಂಗಕ್ಕಾ, ಪಿಚ್ಚರ್ ಹೆಂಗಿತ್ತು?" ಎಂದು ಕೇಳುವಳು. ದೊಡ್ಡಮ್ಮ ಚೆನ್ನಾಗಿತ್ತು ಅಂದರೆ ಆ ಸಂಜೆ ನಮ್ಮ ಬೀದಿಯ ಹೆಂಗಸರೆಲ್ಲ ಟೆಂಟಿನಲ್ಲಿ.

ನನ್ನ ಮದುವೆಯ ಮಾತು ಶುರುವಾದದ್ದು ಆ ಕಾಲದಲ್ಲೇ. ಹಿಂದೂಪುರದ ಕಡೆಯ ಒಂದು ಸಂಬಂಧ, "ಆ ಮನೆ ಹೆಂಗಸರ ಬಾಯಿ ಜೋರು" ಎಂಬ ಕಾರಣಕ್ಕೆ ಮುರಿದುಹೋಗಿತ್ತು. ಹೋದರೆ ಹೋಗಲಿ, ನನಗೇನೂ ಬೇಜಾರಾಗಿರಲಿಲ್ಲ. ಆದರೆ ದೇವನಹಳ್ಳಿಯ ಸಂಬಂಧ ಬಂದಾಗ ಇದೂ ಮುರಿದರೆ ಎಂದು ನನಗೆ ಹೆದರಿಕೆ ಹತ್ತಿತು. ಹುಡುಗ ಸೀನಪ್ಪ ಸೀರೆ ಅಂಗಡಿಯವನು. ನಮ್ಮ ಮನೆಗೆ ಸೀರೆ ತೆಗೆದುಕೊಳ್ಳಲು ಬರುತ್ತಿದ್ದ. ಒಂದು ಸಲ ನಾನು ಮಡಿಸಿಟ್ಟ ಸೀರೆಯನ್ನು ನೋಡಿ, "ಇದನ್ನ ಬಿಚ್ಚೋಕೆ ಮನಸ್ಸು ಬರಲ್ಲ ಕಣ್ರೀ" ಎಂದಿದ್ದ. ಅಷ್ಟೇ. ನನಗೆ ಅವನೇ ಬೇಕಾಗಿತ್ತು, ಹೇಳಲು ನಾಚಿಕೆ ಯಾಕೆ?

ಅವನು ತಾಯಿ ರುಕ್ಮಿಣಮ್ಮನ ಜೊತೆ ಹೆಣ್ಣು ನೋಡಲು ಬಂದ. ಆಕೆ ಬಿಗಿ ಮುಖದ ಹೆಂಗಸು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ನನ್ನ ಹೆಸರು ಕೇಳಿದರು. "ಬನಶಂಕರಿ" ಎಂದೆ. "ಹೂಂ" ಎಂದರು. ಆ ಹೂಂನಲ್ಲಿ ಒಪ್ಪಿಗೆ ಇತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಹೊರಡುವ ಹೊತ್ತಿಗೆ ದೇವನಹಳ್ಳಿಯ ಬಸ್ಸು ಕೆಟ್ಟು ನಿಂತಿದೆ ಎಂಬ ಸುದ್ದಿ ಬಂತು. ರಾತ್ರಿ ನಮ್ಮಲ್ಲೇ ಉಳಿಯಬೇಕಾಯಿತು. ನನ್ನ ಅಪ್ಪ ಅಪ್ಪಯ್ಯಣ್ಣ, ಸುಮ್ಮನೆ ಕೂರಲಾರದೆ, "ಟೆಂಟಲ್ಲಿ ಹೊಸ ಪಿಚ್ಚರ್ ಬಂದೈತೆ, ಹೋಗ್ಬರೋಣ್ವಾ?" ಅಂದುಬಿಟ್ಟರು. ರುಕ್ಮಿಣಮ್ಮ ದೊಡ್ಡಮ್ಮನ ಕಡೆ ತಿರುಗಿ, "ನೀವೂ ಬನ್ನಿ" ಎಂದರು.

ಅಮ್ಮ ದೊಡ್ಡಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಇವತ್ತೊಂದಿನ ಬಾಯಿ ಬಿಡಬೇಡ. ಇದೂ ತಪ್ಪಿಹೋದ್ರೆ ಹುಡುಗಿ ಗತಿ ಏನು?"

ದೊಡ್ಡಮ್ಮ ನನ್ನ ಮುಖ ನೋಡಿದಳು. ನನ್ನ ಮನಸ್ಸಿನಲ್ಲಿರುವುದು ಅವಳಿಗೆ ಅಮ್ಮನಿಗಿಂತ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. "ಬಾಯಿ ತುಂಬ ಎಲೆಅಡಿಕೆ ಹಾಕ್ಕೊಂಡು ಕೂರ್ತೀನಿ, ಸರೀನಾ?" ಎಂದಳು.

ಹಾಗೇ ಕೂತಳು ಕೂಡ. ಟೆಂಟಿನ ಮರಳಿನ ಮೇಲೆ ಹೆಂಗಸರ ಕಡೆ ರುಕ್ಮಿಣಮ್ಮ, ದೊಡ್ಡಮ್ಮ, ನಾನು, ಅಮ್ಮ. ಮೋಟುಗೋಡೆಯ ಆಚೆ ಗಂಡಸರ ಕಡೆ ಅಪ್ಪ, ಸೀನಪ್ಪ. ಅದೋ ಅತ್ತೆ ಸೊಸೆಯ ಕತೆ. ಅತ್ತೆ ಬೈಯುತ್ತಾಳೆ, ಸೊಸೆ ಅಳುತ್ತಾಳೆ. ಅಯ್ಯೋ ದೇವರೇ, ಬೇರೆ ಕತೆಯೇ ಸಿಗಲಿಲ್ಲವೇ ಅಂದುಕೊಂಡೆ. ಮೊದಲ ರೀಲು ಮುಗಿದು ಲೈಟು ಹತ್ತಿತು. ದೊಡ್ಡಮ್ಮ ಎರಡೂ ಕೆನ್ನೆ ಉಬ್ಬಿಸಿಕೊಂಡು ಮೇಲೆ ನೋಡುತ್ತಿದ್ದಳು. ಎರಡನೆಯ ರೀಲು ಮುಗಿಯಿತು, ಆಗಲೂ ಹಾಗೇ. ಟೆಂಟೇ ಭಣಭಣ ಅನ್ನುತ್ತಿತ್ತು. ಹಿಂದಿನಿಂದ ಯಾರೋ, "ಗಂಗಕ್ಕಾ, ಮೈಗೆ ಹುಷಾರಿಲ್ವಾ?" ಎಂದು ಕೂಗಿದರು. ಅವಳು ಕೈಯಾಡಿಸಿ ಸುಮ್ಮನಾದಳು. ರುಕ್ಮಿಣಮ್ಮ ಆಕಳಿಸಿದರು.

ಆಮೇಲೆ ಬಂತು ನೋಡಿ, ಆ ಹಾಳು ದೃಶ್ಯ. ಅತ್ತೆ ಉಗ್ರಾಣಕ್ಕೆ ಬೀಗ ಹಾಕಿ ಸೊಸೆಯನ್ನು ಅಂಗಳಕ್ಕೆ ದಬ್ಬುತ್ತಾಳೆ. ಗಂಡ ಕಂಬಕ್ಕೆ ಒರಗಿ ನೆಲ ನೋಡುತ್ತಾನೆ. ನನ್ನ ಪಕ್ಕದಲ್ಲಿ ದೊಡ್ಡಮ್ಮನ ಮೈ ಕುದಿಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಅವಳು ಎಲೆಅಡಿಕೆಯನ್ನು ಪಕ್ಕಕ್ಕೆ ಉಗಿದು, ನನ್ನ ಕಿವಿಗೆ ಬಾಯಿ ತಂದು, ಮೆಲ್ಲಗೆ, ತೀರ ಮೆಲ್ಲಗೆ ಹೇಳಿದಳು:

"ಇಂಥ ಅತ್ತೆ ಮನೆಗೆ ಹೆಣ್ಣು ಕೊಡೋದ್ಕಿಂತ ಬಾವಿಗೆ ನೂಕೋದು ವಾಸಿ ಕಣೇ!"

ನಮ್ಮ ಮಗ್ಗದ ಮನೆಯ ಮೆಲುದನಿ ಅದು. ಟಿಕೆಟ್ಟು ಕೊಡುವವನಿಗೂ ಕೇಳಿಸಿರಬೇಕು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುಗಿಯಿತು, ನನ್ನ ಸೀನಪ್ಪ ಹೋದ ಅಂದುಕೊಂಡು ನಾನು ಅಳುವುದೊಂದು ಬಾಕಿ.

ರುಕ್ಮಿಣಮ್ಮ ನಿಧಾನವಾಗಿ ದೊಡ್ಡಮ್ಮನ ಕಡೆ ತಿರುಗಿದರು. "ಯಾಕ್ರೀ, ಅತ್ತೇದೇ ತಪ್ಪಾ? ಆಗ್ಲಿಂದ ನೋಡ್ತಾ ಇದೀನಿ, ಆ ಹುಡುಗಿ ಒಂದ್ಸಲನಾದ್ರೂ ಬಾಯ್ಬಿಟ್ಟು 'ನಂಗೆ ಹಸಿವು' ಅಂದ್ಲಾ? ಬರೀ ಅಳು! ಎಂಥವ್ರಿಗೂ ರೇಗುತ್ತೆ!"

"ಮೂರು ಹೊತ್ತೂ ಬೈಸ್ಕೊಂಡೋಳು ಬಾಯಿ ಹೆಂಗ್ ಬಿಡ್ತಾಳ್ರೀ?"

"ಬಿಡ್ಬೇಕು! ನೀವು ಬಿಡ್ತಿಲ್ವಾ?"

ಅಷ್ಟರಲ್ಲಿ ಲೈಟು ಹತ್ತಿತು. ಟೆಂಟು ಎರಡು ಪಾಲಾಗಿತ್ತು. ಅತ್ತೆಯಂದಿರೆಲ್ಲ ರುಕ್ಮಿಣಮ್ಮನ ಕಡೆ, ಸೊಸೆಯಂದಿರೆಲ್ಲ ದೊಡ್ಡಮ್ಮನ ಕಡೆ. ಕಡ್ಲೆಕಾಯಿ ಮಾರುವವನೂ ಬುಟ್ಟಿ ಇಳಿಸಿ ನಿಂತುಬಿಟ್ಟ. ಆ ಗದ್ದಲದ ನಡುವೆ ರುಕ್ಮಿಣಮ್ಮ ನನ್ನತ್ತ ಬೆರಳು ಮಾಡಿದರು. "ನೀನು ಹೇಳಮ್ಮ ಬನಶಂಕರಿ. ತಪ್ಪು ಯಾರ್ದು?"

ಅತ್ತೆಯದು ಎಂದರೆ ಸಂಬಂಧ ಹೋಯಿತು. ಸೊಸೆಯದು ಎಂದರೆ ದೊಡ್ಡಮ್ಮನ ಮುಖ ನೋಡುವುದು ಹೇಗೆ? ಆದರೆ ನಿಜವಾಗಿ ನನಗೆ ಸಿಟ್ಟು ಬಂದದ್ದು ಅವರಿಬ್ಬರ ಮೇಲೂ ಅಲ್ಲ. ಅದನ್ನೇ ಹೇಳಿಬಿಟ್ಟೆ.

"ತಪ್ಪು ಆ ಗಂಡಂದು. ಅವ್ನು ಕಂಬಕ್ಕೆ ಒರಗೋದು ಬಿಟ್ಟು ಇಬ್ಬರ ಹತ್ರನೂ ಒಂದೊಂದು ಮಾತಾಡಿದ್ರೆ ಪಿಚ್ಚರ್ ಎರಡೇ ರೀಲಿಗೆ ಮುಗೀತಿತ್ತು."

ನಾನೂ ಅದೇ ಮಗ್ಗದ ಮನೆಯವಳಲ್ಲವೇ? ಮೋಟುಗೋಡೆ ದಾಟಿ ಹೋಯಿತು ನನ್ನ ಮಾತು. ಹೆಂಗಸರ ಕಡೆ ಬಿದ್ದು ಬಿದ್ದು ನಕ್ಕರು. ರುಕ್ಮಿಣಮ್ಮನ ಬಿಗಿದ ಮುಖ ಸಡಿಲವಾಯಿತು. ಗೋಡೆಯ ಕಡೆ ಕತ್ತು ಚಾಚಿ, "ಲೇ ಸೀನಾ, ಕೇಳಿಸ್ತೇನೋ?" ಎಂದು ಕೂಗಿದರು.

ಆ ಕಡೆಯಿಂದ ದನಿ ಬಂತು: "ಕೇಳಿಸ್ತಮ್ಮಾ! ನಾನು ಕಂಬಕ್ಕೆ ಒರಗಲ್ಲ ಅಂತ ಹೇಳು!"

ನನಗೆ ಎಷ್ಟು ಸಂತೋಷವಾಯಿತೆಂದರೆ ಮುಂದಿನ ರೀಲುಗಳಲ್ಲಿ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ. ಪಕ್ಕದಲ್ಲಿ ಅವರಿಬ್ಬರೂ ಕೊನೆಯವರೆಗೂ ಕಡ್ಲೆಕಾಯಿ ಸುಲಿಯುತ್ತ ಜಗಳವಾಡುತ್ತಲೇ ಇದ್ದರು.

ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ರುಕ್ಮಿಣಮ್ಮ, "ಹುಡುಗಿ ಒಪ್ಪಿಗೆ. ಆದ್ರೆ ನಮ್ಮದೊಂದು ಕರಾರು ಐತೆ" ಎಂದರು. ಅಪ್ಪನ ಮುಖ ಬಿಳುಚಿತು.

"ನಮ್ಮೂರಿಗೆ ಟೆಂಟು ಬಂದಾಗೆಲ್ಲ ಗಂಗಕ್ಕನ್ನ ಕಳಿಸ್ಬೇಕು. ನಮ್ಮ ಕಡೆ ಹೆಂಗಸ್ರ ಜೊತೆ ಹೋದ್ರೆ ಬರೀ ಪಿಚ್ಚರ್ ನೋಡ್ಕೊಂಡು ಬಂದಂಗಾಗುತ್ತೆ."

ದೊಡ್ಡಮ್ಮನ ಬಾಯಲ್ಲಿ ಆಗ ಎಲೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಆದರೂ ಅವಳಿಗೆ ಮಾತು ಹೊರಡಲಿಲ್ಲ. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಗಳಗಳ ಅತ್ತುಬಿಟ್ಟಳು. ಅವಳು ಬಾಯಿ ಮುಚ್ಚಿಕೊಂಡದ್ದನ್ನು ನಾನು ಕಂಡದ್ದು ಆ ಎರಡೇ ಸಲ, ಎರಡೂ ಸಲ ನನಗಾಗಿ.

ಬೀಗರನ್ನು ಬಸ್ಸು ಹತ್ತಿಸಿ ಬಂದ ಅಪ್ಪ, "ಶಾಸ್ತ್ರ ಆಗೋವರ್ಗೂ ಯಾರಿಗೂ ಹೇಳ್ಬೇಡಿ, ಗುಟ್ಟಾಗಿರ್ಲಿ" ಎಂದರು. ದೊಡ್ಡಮ್ಮ ತಲೆಯಾಡಿಸಿ ಬಿಂದಿಗೆ ಎತ್ತಿಕೊಂಡು ನಲ್ಲಿಗೆ ಹೋದಳು. ಅಲ್ಲಿ ಮುನಿರತ್ನಮ್ಮ ಕಾಯುತ್ತಿದ್ದಳು.

"ಗಂಗಕ್ಕಾ, ರಾತ್ರಿ ಪಿಚ್ಚರ್ ಹೆಂಗಿತ್ತು?"

ದೊಡ್ಡಮ್ಮ ಆ ಕಡೆ ಈ ಕಡೆ ನೋಡಿ, ಅವಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: "ಪಿಚ್ಚರ್ ಯಾರ್ ನೋಡಿದ್ರು ಹೋಗೇ! ನಮ್ಮ ಹುಡುಗಿ ಮದುವೆ ಗೊತ್ತಾಯ್ತು!"

ಅಪ್ಪ ನಮ್ಮ ಬೀದಿಯಲ್ಲಿ ಯಾರಿಗೂ ಬೇರೆ ಹೇಳಬೇಕಾಗಿ ಬರಲಿಲ್ಲ.