ತಾರಾಲಯದ ಬಾಗಿಲಕ್ಕ

ಆ ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ತಿಮಿಂಗಿಲದ ಮೂಳೆ ನೇತುಹಾಕಿದ ಹಜಾರ ದಾಟಿ, ಹೊಟ್ಟು ತುಂಬಿದ ಕರಡಿಯ ಪಕ್ಕ ತಿರುಗಿದರೆ ತಾರಾಲಯ. ಅಲ್ಲಿ ಟಾರ್ಚು ಹಿಡಿದು ನಿಂತವಳೇ ಬಾಗಿಲಕ್ಕ. ಟಿಕೆಟ್ ಹರಿಯಬೇಕು, ಜನರನ್ನು ಕೂರಿಸಬೇಕು, ಶೋ ಶುರುವಾದ ಮೇಲೆ ಒಳಗಿನಿಂದ ಚಿಲಕ ಹಾಕಿಕೊಂಡು ಕತ್ತಲಲ್ಲಿ ನಿಲ್ಲಬೇಕು. ನಡುವೆ ಬಾಗಿಲು ತೆಗೆದರೆ ಬೆಳಕು ನುಗ್ಗಿ ಆಕಾಶವೇ ಅಳಿಸಿಹೋಗುತ್ತದೆ. “ದಿನಾ ನಕ್ಷತ್ರ ನೋಡೋ ಕೆಲಸ, ಪುಣ್ಯವಂತೆ ಕಣಮ್ಮ ನೀನು” ಎನ್ನುವವರಿಗೇನು ಕಮ್ಮಿಯಿಲ್ಲ. ಅಲ್ಲ ಸ್ವಾಮಿ, ಐವತ್ತರ ಹತ್ತಿರ ಬಂದರೂ ಊರ ಗಡಿ ದಾಟದವಳಿಗೆ ಅದೆಂಥ ಪುಣ್ಯ? ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಹಾಸಿಗೆ ಹಿಡಿದಿರುತ್ತಿದ್ದರು. ಆಮೇಲೆ ಆ ಮಾತು ಬರುವುದೇ ನಿಂತಿತು.

ಈಗ ಮನೆಯಲ್ಲಿ ಉಳಿದವಳು ಅಮ್ಮ. ಅವಳಿಗೆ ಮರೆವಿನ ಕಾಯಿಲೆ. ಒಬ್ಬಳೇ ಬಿಟ್ಟರೆ ಬೀದಿಗಿಳಿಯುತ್ತಾಳೆ, ಒಲೆ ಹಚ್ಚಿ ಮರೆಯುತ್ತಾಳೆ. ಹೊರಗಿನಿಂದ ಬೀಗ ಹಾಕಿ ಬಂದ ದಿನ ಕಿಟಕಿಯ ಸರಳು ಹಿಡಿದು ಇಡೀ ಬೀದಿಗೆ ಕೇಳುವಂತೆ ಕೂಗಿಕೊಂಡಿದ್ದಳು. ಇನ್ನೇನು ಮಾಡುವುದು? ಬಾಗಿಲಕ್ಕ ಅವಳನ್ನು ಜೊತೆಗೇ ಕರೆತಂದು ತಾರಾಲಯದ ಕೊನೆಯ ಸಾಲಿನಲ್ಲಿ ಕೂರಿಸತೊಡಗಿದಳು. ಚಿಲಕ ಬಿದ್ದ ಮೇಲೆ ಎಲ್ಲಿಗೆ ಹೋದಾಳು? ಮೇಲಧಿಕಾರಿ ಒಳ್ಳೆಯವರು, ಕಂಡೂ ಕಾಣದಂತೆ ಇದ್ದುಬಿಟ್ಟರು.

ಆದರೆ ಪ್ರತಿ ಶೋ ಸೂರ್ಯ ಮುಳುಗುವುದರಿಂದ ಶುರುವಾಗಿ ಸೂರ್ಯ ಹುಟ್ಟುವಲ್ಲಿಗೆ ಮುಗಿಯುತ್ತಿತ್ತು. ಅಮ್ಮನ ಪಾಲಿಗೆ ಅದು ಪೂರ್ತಿ ಒಂದು ರಾತ್ರಿ. ಶೋ ಮುಗಿದಾಗಲೆಲ್ಲ ಬೆಳಗಾಯಿತೆಂದು ಹಲ್ಲುಜ್ಜಲು ಹಟ ಹಿಡಿಯುತ್ತಿದ್ದಳು. ಮಗಳ ಗುರುತು ಹತ್ತಿದಾಗ ಒಂದೇ ಪ್ರಶ್ನೆ.

“ನಿಮ್ಮಣ್ಣ ಬಂದು ಎಷ್ಟು ದಿನ ಆಯ್ತೇ?”

“ಮೊನ್ನೆ ಬಂದಿದ್ನಲ್ಲಮ್ಮ.”

“ಮೊನ್ನೆಯಂತೆ! ತಿಂಗಳುಗಟ್ಟಲೆ ಆಯ್ತು. ನನ್ನ ಕಿವಿ ಮೇಲೇ ಹೂವಿಡ್ತೀಯಾ?”

ಅಮ್ಮನ ಲೆಕ್ಕ ತಪ್ಪು, ಮಾತು ಮಾತ್ರ ಸರಿ. ಅಣ್ಣ ಬಂದು ನಿಜಕ್ಕೂ ತಿಂಗಳುಗಳೇ ಆಗಿದ್ದವು.

ಹೀಗಿರುವಾಗ ಮೇಲಧಿಕಾರಿ ಒಂದು ದಿನ ಅವಳನ್ನು ಕರೆದರು. “ಊರೂರಿಗೆ ನಮ್ಮ ಗಾಡಿ ಹೊರಡುತ್ತೆ. ಗಾಳಿ ತುಂಬೋ ಗುಮ್ಮಟದಲ್ಲಿ ಶಾಲೆ ಮಕ್ಕಳಿಗೆ ನಕ್ಷತ್ರ ತೋರಿಸೋದು. ವಿವರಣೆ ಹೇಳೋಕೆ ನೀವೇ ಹೋಗಿ. ಕೇಳಿ ಕೇಳಿ ನಿಮಗೆಲ್ಲ ಬಾಯಿಪಾಠ ಆಗಿದೆ. ಒಂದು ವರ್ಷದ ಕೆಲಸ, ಸೋಮವಾರ ಹೊರಡಬೇಕು.”

ಬಾಗಿಲಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣನಿಗೆ ಆಗಲೇ ಫೋನು ಮಾಡಿದಳು. ಅವನದು ಟೈಲ್ಸ್ ಅಂಗಡಿ, ಮೂರಂತಸ್ತಿನ ಮನೆ.

“ಒಂದೇ ವರ್ಷ ಅಮ್ಮನ್ನ ಇಟ್ಕೊ ಅಣ್ಣ. ಈ ಜನ್ಮದಲ್ಲಿ ಇನ್ನೇನೂ ಕೇಳಲ್ಲ.”

“ಅಯ್ಯೋ, ಅದೇನು ಮಹಾ! ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ ಬಿಡು.”

ಆ ವಾರವೆಲ್ಲ, ಹಜಾರ ಖಾಲಿಯಾದಾಗ ಅವಳು ಕರಡಿಯ ಮುಂದೆ ನಿಂತು “ಮಕ್ಕಳೇ, ಈಗ ಮೇಲೆ ನೋಡಿ” ಎಂದು ಅಭ್ಯಾಸ ಮಾಡಿದಳು. ಕರಡಿ ಎದುರು ಮಾತಾಡಲಿಲ್ಲ. ಖುಷಿಗೆ ಅವಳಿಗೆ ಊಟವೂ ಸೇರುತ್ತಿರಲಿಲ್ಲ.

ಭಾನುವಾರ ಅಣ್ಣ ತಾರಾಲಯಕ್ಕೇ ಬಂದ. ಬಂದದ್ದನ್ನು ಇಲ್ಲವೆನ್ನಬಾರದು. ಬಾಗಿಲಕ್ಕ ಅಮ್ಮನ ಬಟ್ಟೆಯ ಚೀಲವನ್ನು ಅವನ ಕೈಗೆ ಕೊಟ್ಟು, “ಇದೊಂದು ಶೋ ಮುಗಿಲಿ, ಅಲ್ಲಿವರೆಗೆ ಪಕ್ಕದಲ್ಲಿ ಕೂತು ಮಾತಾಡಿಸ್ತಿರು” ಎಂದು ಕೂರಿಸಿ ಚಿಲಕ ಹಾಕಿದಳು. ಸೂರ್ಯ ಮುಳುಗಿದ. ನಕ್ಷತ್ರಗಳು ಮೂಡುವಷ್ಟರಲ್ಲಿ ಯಾರೋ ಕತ್ತಲಲ್ಲಿ ತಡವರಿಸಿಕೊಂಡು ಬಾಗಿಲ ಬಳಿ ಬಂದರು. ನೋಡಿದರೆ ಅಣ್ಣ.

“ಬಾಗಿಲು ತೆಗಿಯೇ.”

“ಶೋ ನಡೀತಿದೆ ಅಣ್ಣ. ಯಾಕೆ, ಏನಾಯ್ತು?”

“ನೀನ್ಯಾರು ನೀನ್ಯಾರು ಅಂತ ಕೇಳ್ತಾನೇ ಇದ್ದಾಳೆ. ನಿನ್ನ ಮಗ ಅಂದ್ರೆ ನಗ್ತಾಳೆ. ಇದೆಲ್ಲ ನನ್ನ ಕೈಲಾಗಲ್ಲ ಕಣೇ. ಉಸಿರು ಕಟ್ತಿದೆ, ತೆಗಿ.”

“ಸ್ವಲ್ಪ ಹೊತ್ತು ಕೂತ್ಕೊ. ರೂಢಿ ಆಗುತ್ತೆ.”

“ನಿನಗೆ ಆಗಲೇ ರೂಢಿ ಆಗಿದೆಯಲ್ಲ, ನೀನೇ ನೋಡ್ಕೊ.”

ಬಾಗಿಲಕ್ಕನ ಮೈಯೆಲ್ಲ ಉರಿದುಹೋಯಿತು. ನೀನೂ ಒಬ್ಬ ಮಗನೇನೋ ಎಂದು ಕಪಾಳಕ್ಕೆ ಬಾರಿಸಬೇಕೆನಿಸಿತು. ಕೈ ಚಿಲಕದ ಮೇಲೇ ಇತ್ತು. ತೆಗೆಯದಿದ್ದರೆ ಸೂರ್ಯ ಹುಟ್ಟುವವರೆಗೆ ಇವನೂ ಇಲ್ಲೇ ಬಿದ್ದಿರುತ್ತಾನೆ. ಆಮೇಲೆ? ಎಷ್ಟು ದಿನ ಅಂತ ಕಟ್ಟಿಹಾಕುವುದು? ಇವನ ಮನೆಗೆ ಹೋದರೆ ಅಮ್ಮನ ಗತಿಯೇನು?

ತೆಗೆದಳು. ಬೆಳಕು ನುಗ್ಗಿತು. “ಯಾರ್ರೀ ಅದು, ಬಾಗಿಲು ಹಾಕ್ರೀ!” ಎಂದು ನಾಲ್ಕಾರು ಜನ ಕೂಗಿದರು. ಅಣ್ಣ ಚೀಲವನ್ನು ಅವಳ ತೋಳಿಗೆ ನೇತುಹಾಕಿ, ತಿಮಿಂಗಿಲದ ಕೆಳಗೆ ದಾಪುಗಾಲು ಹಾಕಿಕೊಂಡು ಹೋಗಿಬಿಟ್ಟ.

ಬಾಗಿಲಕ್ಕ ಚಿಲಕ ಹಾಕಿ, ಅವನು ಬಿಟ್ಟೆದ್ದ ಕುರ್ಚಿಯಲ್ಲಿ ಬಂದು ಕೂತಳು. ಅಮ್ಮನ ಕೈ ತಡಕಾಡಿ ಅವಳ ಮಣಿಕಟ್ಟು ಹಿಡಿಯಿತು.

“ಬಂದ್ಯೇನೋ ಮಗ? ಈಗ ಗುರುತು ಸಿಕ್ತು ನೋಡು. ಎದ್ದು ಹೋದ್ಯಲ್ಲ, ಹೊರಟೇಬಿಟ್ಟೆ ಅಂದ್ಕೊಂಡೆ.”

ಬಾಗಿಲಕ್ಕ ದನಿ ತಗ್ಗಿಸಿದಳು. ಆ ತಗ್ಗಿದ ದನಿ ಅಣ್ಣನದರಂತೆಯೇ ಇತ್ತೋ ಏನೋ.

“ಇಲ್ಲಮ್ಮ. ಎಲ್ಲಿಗೂ ಹೋಗಲ್ಲ. ನಾನೇ ನೋಡ್ಕೋತೀನಿ.”

“ನಿಜವಾಗ್ಲೂ?”

“ನಿಜವಾಗ್ಲೂ ಅಮ್ಮ.”

ಅಮ್ಮ ನೆಮ್ಮದಿಯಿಂದ ಅವಳ ಹೆಗಲಿಗೆ ಒರಗಿದಳು. ಸ್ವಲ್ಪ ಹೊತ್ತಿನ ಮೇಲೆ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

“ಹಾಗಾದ್ರೆ ಬಾಗಿಲ ಹತ್ರ ಒಬ್ಬಳು ನಿಂತಿರ್ತಾಳಲ್ಲ, ಆ ಹುಡುಗಿಗೆ ಹೇಳ್ಬಿಡಪ್ಪ. ಪಾಪ, ಇನ್ನು ಅವಳು ಎಲ್ಲಿಗೆ ಬೇಕಾದ್ರೂ ಹೋಗ್ಲಿ.”