ಅತ್ತೆ ತೊಳೆದ ರೀಲು

ಎಪ್ಪತ್ನಾಲ್ಕನೆಯ ಇಸವಿ ಇರಬೇಕು. ನಮ್ಮ ಎಮ್ಮೆ ಎರಡನೆಯ ಸಲ ಈದ ವರ್ಷ ಅದು, ಅಷ್ಟು ಖಾತ್ರಿ. ನಾನು ರಾಮದುರ್ಗಕ್ಕೆ ಸೊಸೆಯಾಗಿ ಬಂದು ಏಳು ವರ್ಷವಾಗಿತ್ತು. ಓದಿದ್ದು ಎರಡನೇ ಇಯತ್ತೆ. ಈಗ ಇದನ್ನು ಬರೆಯುವಾಗಲೂ ದೊಡ್ಡ ಒತ್ತಕ್ಷರ ಬಂದರೆ ಮೊಮ್ಮಗಳನ್ನು ಕೂಗುತ್ತೇನೆ. ಇಂಥವಳು ಫೋಟೋ ತೆಗೆಯಲು ಕಲಿತೆ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ.

ನಾನು ಕಲಿಯಲು ಹೋದದ್ದು ಹೊಲಿಗೆ. ನಮ್ಮ ಓಣಿಯ ಹೆಂಗಸರ ಮಂಡಳದಲ್ಲಿ ಇದ್ದದ್ದು ಒಂದೇ ಮಷೀನು, ಕಲಿಯುವವರು ಒಂಬತ್ತು ಜನ. ಮೂರನೆಯ ದಿನವೇ ಮಷೀನು ಕೆಟ್ಟಿತು. ರಿಪೇರಿಗೆಂದು ಬೆಳಗಾವಿಗೆ ಹೋದದ್ದು ಇನ್ನೂ ಬರುವುದರಲ್ಲಿದೆ. ಬಂದವರನ್ನು ಸುಮ್ಮನೆ ಕಳಿಸಬಾರದೆಂದು ಓಣಿಯಲ್ಲಿದ್ದ ಪಿಂಚಣಿಯ ಡ್ರಾಯಿಂಗ್ ಮಾಸ್ತರರು ಮುಂದೆ ಬಂದರು. "ಮಷೀನ ಬರೂತನಕ ನಾ ಫೋಟೋ ತಗಿಯೂದು ಕಲಸ್ತೇನಿ. ಯಾರ ಮನ್ಯಾಗ ಕ್ಯಾಮೆರಾ ಐತಿ?" ಎಂದರು. ಕೈ ಎತ್ತಿದವಳು ನಾನೊಬ್ಬಳೇ. ಮಿಲಿಟರಿಯಲ್ಲಿದ್ದ ನನ್ನ ಅಣ್ಣ ನಮ್ಮ ಮನೆಯವರಿಗೆ ಒಂದು ಡಬ್ಬಿ ಕ್ಯಾಮೆರಾ ಕೊಟ್ಟಿದ್ದ. ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಗಾಜಿನಲ್ಲಿ ಬಗ್ಗಿ ನೋಡುವಂಥದ್ದು. ಮನೆಯವರು ಅದನ್ನು ಟ್ರಂಕಿನಲ್ಲಿ ಕೌದಿ ಹೊದಿಸಿ ಮಲಗಿಸಿದ್ದರು.

ಮಂಗಳವಾರ, ಶುಕ್ರವಾರ ಮಧ್ಯಾಹ್ನ ಕ್ಲಾಸು. ಒಂದೇ ಕ್ಯಾಮೆರಾ, ಒಂಬತ್ತು ಹೊಟ್ಟೆ. ಎರಡು ವಾರದಲ್ಲಿ ಉಳಿದವರೆಲ್ಲ ಹಪ್ಪಳ ಮಾಡುವುದಿದೆ, ಮಗುವಿಗೆ ಜ್ವರ ಎಂದು ಜಾರಿಕೊಂಡರು. ನಾನು ಉಳಿದೆ. ಕ್ಯಾಮೆರಾ ನನ್ನದು, ಬಿಟ್ಟು ಹೋಗುವುದು ಎಲ್ಲಿಗೆ?

ಮಾಸ್ತರರದು ಒಂದು ಹಟ. ಎರಡು ತಿಂಗಳು ಕ್ಯಾಮೆರಾದೊಳಗೆ ರೀಲು ಹಾಕುವಂತಿಲ್ಲ. "ರೀಲು ತುಟ್ಟಿ, ಕಣ್ಣು ಪುಕಟ. ದಿನಾ ಹತ್ತು ಫೋಟೋ ಖಾಲಿ ಡಬ್ಬ್ಯಾಗ ತಗಿ. ತಗದ ಮ್ಯಾಲೆ ಕಣ್ಣ ಮುಚ್ಚಿ ಹೇಳು, ನಾಕೂ ಮೂಲ್ಯಾಗ ಏನೇನು ಇತ್ತು ಅಂತ. ನಡುವ ಇರೂದು ಕುರುಡಗೂ ಕಾಣತೈತಿ. ಮೂಲಿ ನೋಡವ್ವಾ, ಮೂಲಿ!" ಎನ್ನುತ್ತಿದ್ದರು.

ನಾನು ದಿನಾ ಹತ್ತು ತೆಗೆದೆ. ಆಗ ಸರಾಗ ಬರೆಯಲು ಬಾರದ್ದರಿಂದ ಅಡಿಗೆಮನೆಯ ಗೋಡೆಗೆ ಇದ್ದಿಲಿನಿಂದ ಗೀಟು ಎಳೆದೆ. ಎಮ್ಮೆಯ ಫೋಟೋ, ಒಲೆಯ ಫೋಟೋ, ಮಾವನವರು ಬಾಯಿ ತೆರೆದು ಮಲಗಿದ ಫೋಟೋ. ರಾತ್ರಿ ಮಲಗುವ ಮುಂಚೆ ಹತ್ತೂ ಮೂಲೆ ಸಮೇತ ನೆನಪು ಮಾಡಿಕೊಳ್ಳುತ್ತಿದ್ದೆ. ಮನೆಯವರು "ಏನ ವಟವಟ ಅಂತೀ, ಮಂತ್ರ ಕಲತೀ ಏನ?" ಎಂದು ಮಗ್ಗಲು ಬದಲಿಸುತ್ತಿದ್ದರು.

ತೊಂದರೆ ಬಂದದ್ದು ಓಣಿಯ ಮಂದಿಯಿಂದ. ಕ್ಯಾಮೆರಾ ಕಂಡರೆ ಸಾಕು, ಬಂದು ನಿಲ್ಲುತ್ತಿದ್ದರು. ಎದುರು ಮನೆಯ ಗಂಗವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು, ಮೂಗಿಗೆ ನತ್ತು ಇಟ್ಟುಕೊಂಡು, ಕಟ್ಟೆಯ ಮೇಲೆ ದೇವಿಯ ಹಾಗೆ ಕುಂತಳು. ಹಿಟ್ಟಿನ ಗಿರಣಿಯ ರುದ್ರಪ್ಪ ಮೂರು ದಿನ ಮೂರು ಬಣ್ಣದ ರುಮಾಲು ಸುತ್ತಿಕೊಂಡು ಬಂದ. ಡಬ್ಬಿ ಖಾಲಿ ಎಂದು ಹೇಳಲು ನಾಚಿಕೆಯಾಯಿತು. ಟಕ್ ಎಂದು ಒತ್ತಿ ಕಳಿಸಿದೆ. ಎಂಟು ದಿನ ಬಿಟ್ಟು ಎಲ್ಲರೂ ಬಾಗಿಲಿಗೆ ಬಂದರು.

"ಏನ ಚನ್ನವ್ವಾ, ನನ್ನ ಫೋಟೋ?"

"ಇನ್ನಾ ತೊಳದಿಲ್ಲರಿ."

ರೀಲನ್ನು ಕತ್ತಲೆಕೋಣೆಯಲ್ಲಿ ಔಷಧದ ನೀರಿಗೆ ಅದ್ದಿ ಫೋಟೋ ತಯಾರು ಮಾಡುವುದಕ್ಕೆ ನಮ್ಮಲ್ಲಿ ತೊಳೆಯುವುದು ಎಂದೇ ಹೇಳುತ್ತಾರೆ. ಮಾಸ್ತರರೂ ಹಾಗೆಯೇ ಹೇಳುತ್ತಿದ್ದರು. ಆ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಎರಡು ತಿಂಗಳು ಅದೊಂದೇ ಮಾತಿನಲ್ಲಿ ಓಣಿಯನ್ನು ನಿಭಾಯಿಸಿದೆ. ನಾಳೆ ತೊಳೆಯುತ್ತೇನೆ, ಬರುವ ವಾರ ತೊಳೆಯುತ್ತೇನೆ.

ಇದನ್ನೆಲ್ಲ ಒಳಗೆ ಕುಳಿತು ಕೇಳಿಸಿಕೊಳ್ಳುತ್ತಿದ್ದವರು ನನ್ನ ಅತ್ತೆ. ನಮ್ಮತ್ತೆಗೆ ತೊಳೆಯುವ ಹುಚ್ಚು. ಸಂತೆಯ ಬದನೆಕಾಯಿಯಂತೂ ಸರಿ, ಚಿಲ್ಲರೆ ನಾಣ್ಯವನ್ನೂ ತೊಳೆದೇ ಒಳಗೆ ತರುವವರು. ಒಮ್ಮೆ ಉಪ್ಪನ್ನು ತೊಳೆಯಲು ಹೋಗಿ ಅರ್ಧ ಸೇರು ಕಳೆದಿದ್ದರು.

ಆ ಹೊತ್ತಿಗೆ ನನ್ನ ನಾದಿನಿ ಶಾಂತಾಳಿಗೆ ವರ ನೋಡುತ್ತಿದ್ದರು. ಹುಡುಗಿ ಲಕ್ಷಣವಾಗಿದ್ದಳು, ಆದರೆ ಸ್ಟುಡಿಯೋದ ದೀಪ ಕಂಡರೆ ಕಣ್ಣು ಮುಚ್ಚುತ್ತಿದ್ದಳು. ಆ ಕಣ್ಣು ಮುಚ್ಚಿದ ಫೋಟೋ ಬೈಲಹೊಂಗಲಕ್ಕೆ ಹೋಗಿ ತಿರುಗಿ ಬಂತು, ಕಿತ್ತೂರಿಗೆ ಹೋಗಿಯೂ ತಿರುಗಿ ಬಂತು. ಕಿತ್ತೂರಿನವರು "ಹುಡುಗಿಗೆ ಕಣ್ಣು ಅದಾವಿಲ್ಲ?" ಎಂದು ಬಾಯಿಬಿಟ್ಟೇ ಕೇಳಿದರಂತೆ. ಶಾಂತಾ ಎರಡು ದಿನ ಉಣ್ಣಲಿಲ್ಲ.

ಮೂರನೆಯದು ಸವದತ್ತಿಯ ಮನೆತನ. ಹುಡುಗ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿದ್ದ. ಫೋಟೋ ನೋಡದೆ ರಜೆ ಹಾಕುವುದಿಲ್ಲ ಎಂದಿದ್ದನಂತೆ. ಅವನ ತಾಯಿ ಸೋಮವಾರ ರಾಮದುರ್ಗಕ್ಕೆ ಬರುವವರಿದ್ದರು, ಫೋಟೋ ಒಯ್ದು ಮಗನಿಗೆ ಕಳಿಸುವುದು ಅವರ ವಿಚಾರ. ಸಿಗದಿದ್ದರೆ ಹೂಲಿಯಲ್ಲಿ ಇನ್ನೊಂದು ಹುಡುಗಿ ತಯಾರಿದ್ದಳು.

"ವೈನಿ, ನೀವಽ ತಗೀರಿ. ನಿಮ್ಮ ಡಬ್ಬಿಗೆ ನಾ ಅಂಜೂದಿಲ್ಲ" ಎಂದಳು ಶಾಂತಾ. ನಿಜವೇ. ಎರಡು ತಿಂಗಳು ಖಾಲಿ ಡಬ್ಬಿಯ ಮುಂದೆ ಓಡಾಡಿ ಅವಳಿಗೆ ಅಂಜಿಕೆ ಹೋಗಿತ್ತು. ಮಾಸ್ತರರನ್ನು ಕೇಳಿದೆ. ಅವರು ತಮ್ಮ ಕಪಾಟಿನಿಂದ ಒಂದು ರೀಲು ತೆಗೆದುಕೊಟ್ಟರು. ಹನ್ನೆರಡು ಫೋಟೋದ್ದು. "ಹನ್ನೆರಡರಾಗ ಒಂದರೆ ಕಣ್ಣ ತೆರದಿದ್ದು ಬರತೈತಿ. ಹೋಗು. ಮೂಲಿ ಮರೀಬ್ಯಾಡ."

ಭಾನುವಾರ ಬೆಳಗ್ಗೆ ಹಿತ್ತಲಲ್ಲಿ ಎಳೆಬಿಸಿಲಿಗೆ ಹನ್ನೆರಡೂ ತೆಗೆದೆ. ಒಂದೊಂದಕ್ಕೂ ಉಸಿರು ಹಿಡಿದೆ. ಎಲ್ಲದರಲ್ಲೂ ಕಣ್ಣು ತೆರೆದಿದ್ದಳು. ರೀಲು ತೆಗೆದು, ಬೆಳಕು ತಾಗದಂತೆ ಸುತ್ತಿದ ಕರಿ ಕಾಗದದ ತುದಿಗೆ ಅಂಟು ಹಚ್ಚಿ, ಮಾಸ್ತರರ ಮನೆಗೆ ಓಡಿದರೆ ಅವರು ಚಚಡಿಗೆ ಹೋಗಿದ್ದರು, ಸಂಜೆ ಬರುವವರು. ತಿರುಗಿ ಬಂದು ರೀಲನ್ನು ಗೋಡೆಯ ಗೂಡಿನಲ್ಲಿಟ್ಟೆ. "ಸಂಜೀಗೆ ತೊಳೀಬೇಕು ಶಾಂತಾ, ಯಾರೂ ಮುಟ್ಟದಂಗ ನೋಡಕೋ" ಎಂದು ಹೇಳಿ ಜೋಳ ಬೀಸಿಸಲು ಗಿರಣಿಗೆ ಹೋದೆ. ಅಲ್ಲಿ ರುದ್ರಪ್ಪ, "ನನ್ನ ಮೂರು ರುಮಾಲಿನ್ವು ತೊಳದಿ ಏನವ್ವಾ?" ಎಂದ. "ಇವತ್ತು ತೊಳೀತೇನಿ" ಎಂದೆ.

ಹಿಟ್ಟಿನ ಬುಟ್ಟಿ ಹೊತ್ತು ಹಿತ್ತಲಿಗೆ ಬಂದವಳು ಹಾಗೆಯೇ ನಿಂತೆ. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಮಾವನವರ ಧೋತರ, ಅತ್ತೆಯ ಕುಪ್ಪಸ, ಅವೆರಡರ ನಡುವೆ ನನ್ನ ರೀಲು ಉದ್ದಕ್ಕೆ ಇಳಿಬಿದ್ದು ಬಿಸಿಲಿಗೆ ಫಳಫಳ ಎನ್ನುತ್ತಿತ್ತು. ಕಲ್ಲಿನ ಮೇಲೆ ಸಾಬೂನು, ಪಕ್ಕದಲ್ಲಿ ಬಿಸಿನೀರಿನ ಬಕೀಟು, ತೆಂಗಿನ ನಾರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು. "ಎರಡ ತಿಂಗಳಾತು, ತೊಳೀತೇನಿ ತೊಳೀತೇನಿ ಅಂತೀ. ಓಣಿ ಮಂದಿ ನನ್ನ ಮಾರಿಗೆ ಬಂದು ಕೇಳತಾರ, ನಿನ್ನ ಸೊಸಿ ಯಾಕ ಇಷ್ಟು ಮೈಗಳ್ಳಿ ಅಂತ. ಶಾಂತಾನ ನೀರಿಗೆ ಕಳಿಸಿ ನಾನಽ ಕುಂತು ತೊಳದೆ. ಏನ ಹೊಲಸ ಇತ್ತಬೇ ಅದರಾಗ! ಮ್ಯಾಲಿನ ಕರೀ ಕಾಗದ ಸುಲದ ಒಗದೆ. ನಾಕ ಸಲ ತಿಕ್ಕೇನಿ. ನೋಡು, ಒಂದ ಕಲಿ ಉಳದಿಲ್ಲ."

ನಿಜ, ಒಂದು ಕಲೆಯೂ ಉಳಿದಿರಲಿಲ್ಲ. ಶಾಂತಾ ಕೂಡ ಉಳಿದಿರಲಿಲ್ಲ.

ನಾನು ಅಳಲಿಲ್ಲ. ಬುಟ್ಟಿ ಇಳಿಸಿದೆ. ಏನಂತ ಬಯ್ಯಲಿ? ತೊಳೆಯಬೇಕು ಎಂದು ಎರಡು ತಿಂಗಳು ಅವರ ಕಿವಿಗೆ ಹಾಕಿದವಳು ನಾನೇ. ಸಂಜೆ ಅದನ್ನು ಮಾಸ್ತರರ ಹತ್ತಿರ ಒಯ್ದೆ. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಮೂಲಿ ಮಾತ್ರ ಭಾಳ ಸ್ವಚ್ಛ ಬಂದಾವವ್ವಾ" ಎಂದರು. ಅವರ ಹತ್ತಿರ ಇನ್ನೊಂದು ರೀಲು ಇರಲಿಲ್ಲ, ಊರಲ್ಲೂ ಸಿಗಲಿಲ್ಲ.

ಸೋಮವಾರ ಹುಡುಗನ ತಾಯಿ ಬಂದರು. ದಪ್ಪ ಹೆಂಗಸು, ಗಟ್ಟಿ ದನಿ. ಸ್ಟುಡಿಯೋ ಬಾಗಿಲು ಹಾಕಿತ್ತು ಎಂದು ಹೇಳುವುದೆಂದು ನಮ್ಮ ಮನೆಯವರು ಎಲ್ಲರಿಗೂ ಪಾಠ ಮಾಡಿದ್ದರು. ಆದರೆ ಅತ್ತೆಗೆ ಸುಳ್ಳು ಹೇಳುವ ಅಗತ್ಯವೇ ಕಾಣಲಿಲ್ಲ. ಚಹಾ ಮುಗಿಯುತ್ತಲೇ ಎದ್ದು ಹೋಗಿ, ತಾಟಿನಲ್ಲಿ ಎಲೆ ಅಡಿಕೆ ಜೊತೆಗೆ ಸುರುಳಿ ಸುತ್ತಿದ ರೀಲು ತಂದು ಇಟ್ಟರು. "ನಮ್ಮ ಶಾಂತಾನ್ವು ಹನ್ನೆರಡು ಫೋಟೋ ಅದಾವರಿ ಇದರಾಗ. ನಾನಽ ತೊಳದೇನಿ."

ಆಯಮ್ಮ ಅದನ್ನು ಬಿಚ್ಚಿ ಕಣ್ಣಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ಅದರೊಳಗಿಂದ ನಮ್ಮ ಮಾವನವರ ಮುಖ ಕಂಡಿರಬೇಕು. "ಹುಡಿಗಿ ಎಲ್ಲಿ ಅದಾಳರಿ?" ಎಂದರು.

ಅತ್ತೆಯೂ ಬಗ್ಗಿ ನೋಡಿದರು. "ನಿನ್ನೆ ಇದ್ದಳರಿ" ಎಂದರು.

ಬಾಗಿಲ ಹಿಂದೆ ನಿಂತಿದ್ದ ಶಾಂತಾ ಪುಸಕ್ಕನೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಮನೆಯವರು ಕಣ್ಣು ಕೆಂಪಗೆ ಮಾಡಿದರು. ಆದದ್ದಾಗಲಿ ಎಂದು ನಾನು ಎಲ್ಲ ಹೇಳಿಬಿಟ್ಟೆ. ಖಾಲಿ ಡಬ್ಬಿ, ರುದ್ರಪ್ಪನ ರುಮಾಲು, ಸಾಬೂನು, ಕಿತ್ತೂರು, ಬೈಲಹೊಂಗಲ, ಕಣ್ಣು ಮುಚ್ಚಿದ ಫೋಟೋ, ಒಂದನ್ನೂ ಬಿಡಲಿಲ್ಲ.

ಆಯಮ್ಮ ನಗಲಿಲ್ಲ. "ಆ ಕಣ್ಣ ಮುಚ್ಚಿದ ಫೋಟೋ ತೋರಸ್ರಿ" ಎಂದರು. ತಂದುಕೊಟ್ಟೆ. ನೋಡಿದರು. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ, ಮಡಚಿದ ಕಾಗದದಿಂದ ಒಂದು ಫೋಟೋ ತೆಗೆದು ಪಕ್ಕದಲ್ಲಿಟ್ಟರು. ಅವರ ಮಗ. ಕೋಟು, ಬೈತಲೆ ತೆಗೆದ ಕ್ರಾಪು, ಎರಡೂ ಕಣ್ಣು ಗಟ್ಟಿ ಮುಚ್ಚಿದ್ದವು.

"ಮೂರು ಸಲ ತಗಿಸೇನಿ. ಮೂರೂ ಹಿಂಗಽ. ಅದಕ್ಕ ಯಾರಿಗೂ ತೋರಸೂದಿಲ್ಲ. ಇಂಥಾ ಮಾರಿ ಇಟಗೊಂಡು ಈ ಮಗಾ ಹುಡಿಗಿ ಫೋಟೋ ಬೇಡ್ತಾನ! ಇವತ್ತಽ ಕಾಗದ ಬರಸ್ತೇನಿ, ರಜಾ ಹಾಕಿ ಸುಮ್ನ ಬಾ ಅಂತ." ಆಗ ನಕ್ಕರು ನೋಡಿ, ಕಟ್ಟಿದ್ದ ಎಮ್ಮೆ ಬೆದರಿತು.

ಹುಡುಗ ಬಂದ, ಕಣ್ಣು ಬಿಟ್ಟು ನೋಡಿದ, ಒಪ್ಪಿದ. ಮದುವೆಯ ಫೋಟೋ ನಾನೇ ತೆಗೆದೆ. ಅದರಲ್ಲಿ ಇಬ್ಬರೂ ಕಣ್ಣು ಮುಚ್ಚಿದ್ದಾರೆ. ಅದಕ್ಕೆ ನಾನೇನು ಮಾಡಲಿ?

ಮಾಸ್ತರರ ಹತ್ತಿರ ಇನ್ನೂ ಎರಡು ವರ್ಷ ಕಲಿತೆ. ಗಂಗವ್ವನಿಗೆ, ರುದ್ರಪ್ಪನಿಗೆ ನಿಜ ಹೇಳಿ ಬೈಸಿಕೊಂಡು, ನಿಜವಾದ ಫೋಟೋ ತೆಗೆದುಕೊಟ್ಟೆ. ಖಾಲಿ ಡಬ್ಬಿಯದೇ ಚೆನ್ನಾಗಿತ್ತು ಎಂದಳು ಗಂಗವ್ವ.

ಅತ್ತೆ ತೊಳೆದ ರೀಲು ಇಂದಿಗೂ ನನ್ನ ಟ್ರಂಕಿನಲ್ಲಿದೆ. ಮೊಮ್ಮಕ್ಕಳು ಇದರಲ್ಲಿ ಏನೂ ಇಲ್ಲ ಎನ್ನುತ್ತಾರೆ. ನನಗೆ ಹನ್ನೆರಡೂ ಬಾಯಿಪಾಠ. ಮೊದಲನೆಯದರಲ್ಲಿ ಶಾಂತಾ ಜಡೆ ಮುಂದೆ ಹಾಕಿಕೊಂಡಿದ್ದಾಳೆ, ಮೂಲೆಯಲ್ಲಿ ಎಮ್ಮೆಯ ಬಾಲ. ಐದನೆಯದರಲ್ಲಿ ನಗುತ್ತಿದ್ದಾಳೆ, ಮೂಲೆಯಲ್ಲಿ ತಾಮ್ರದ ಕೊಡ. ಹನ್ನೆರಡನೆಯದರ ಎಡಮೂಲೆಯಲ್ಲಿ ನಮ್ಮತ್ತೆ ನಿಂತಿದ್ದಾರೆ, ಕೈಯಲ್ಲಿ ಸಾಬೂನು. ಮೂಲೆ ನೋಡು ಎಂದು ಮಾಸ್ತರರು ಎರಡು ತಿಂಗಳು ಬಡಿದುಕೊಂಡಿದ್ದರು. ನಾನು ನೋಡಿದ್ದೆ ಕೂಡ. ತಿಳಿಯಲಿಲ್ಲ, ಅಷ್ಟೇ.